ಆಕಾಶದ ಕಲ್ಲಿಗೆ ರೌಂಡ್ ಸೀಲು

ಚಿಂತಾಮಣಿಯಲ್ಲಿ ಉಂಗುರದ ಹರಳು, ಹಳೇ ನಾಣ್ಯ ಮಾರುವ ಅಂಗಡಿ ನನ್ನದು. ಈಚೆಗೆ ಉಲ್ಕೆಯ ತುಣುಕುಗಳನ್ನೂ ಇಟ್ಟಿದ್ದೇನೆ, ಷೋಕೇಸಿನಲ್ಲಿಡಲು ಕೊಳ್ಳುವವರಿದ್ದಾರೆ. ಆಕಾಶದಿಂದ ಕಲ್ಲು ಬೀಳುವುದು ಅಪರೂಪ. ಬಿತ್ತು ಅಂತ ಹಿಡಿದುಕೊಂಡು ನನ್ನ ಮೆಟ್ಟಿಲು ಹತ್ತುವವರಿಗೆ ಮಾತ್ರ ಬರವಿಲ್ಲ.

೧. ಸಾಕ್ಷಿ

ಅಂಬಾಜಿದುರ್ಗದ ಕಡೆಯ ರೈತರೊಬ್ಬರು ಟವೆಲಿನಲ್ಲಿ ಸುತ್ತಿ ಒಂದು ಕರೀ ಕಲ್ಲು ತಂದರು.

"ಆಕಾಶದಿಂದ ಬಿದ್ದಿದ್ದು, ಭಾಯ್."

ಆಯಸ್ಕಾಂತ ಹಿಡಿದೆ. ಅಂಟಿತು. ಆದರೆ ಅಂಟಿದ್ದೆಲ್ಲ ಉಲ್ಕೆಯಲ್ಲ, ಕುಲುಮೆಯ ಕಿಟ್ಟವೂ ಅಂಟುತ್ತದೆ.

"ಪರೀಕ್ಷೆ ಮಾಡ್ಸಿ ಸರ್ಟಿಫಿಕೇಟ್ ತರ್ಬೇಕಪ್ಪ. ಬಿದ್ದಿದ್ದನ್ನ ನೀವು ನೋಡಿದ್ರಾ?"

"ನಾನಿಲ್ಲ. ನಮ್ಮತ್ತೆ ನೋಡವ್ರೆ."

"ಅವ್ರನ್ನ ಕರ್ಕೊಂಡು ಬನ್ನಿ, ಕೇಳಣ."

"ಹೋದೊರ್ಷ ತೀರ್ಕೊಂಡ್ರು."

ನಾನು ಕಲ್ಲನ್ನು ಅವರ ಕಡೆ ಸರಿಸಿದೆ. ಅವರು ಮತ್ತೆ ನನ್ನ ಕಡೆ ಸರಿಸಿದರು.

"ಸರ್ಟಿಫಿಕೇಟ್ ತಾನೇ ಬೇಕು? ನಮ್ಮತ್ತೇದು ಡೆತ್ ಸರ್ಟಿಫಿಕೇಟ್ ಐತೆ. ಒರಿಜಿನಲ್ಲು. ತರ್ಲಾ?"

೨. ಬಂಗಾರದ ಬಣ್ಣ

ಗೌರಿಬಿದನೂರಿನಲ್ಲಿ ನಿವೃತ್ತ ಅಧಿಕಾರಿಯೊಬ್ಬರು ಹೊಸ ಮನೆ ಕಟ್ಟಿಸುತ್ತಿದ್ದರು. ಹಿಂದೂಪುರದ ಬೀಗರು ಇವರ ಷೋಕೇಸಿನ ಯಾವ ವಸ್ತು ಕಂಡರೂ "ಡೂಪ್ಲಿಕೇಟು" ಅಂದುಬಿಡುತ್ತಿದ್ದರಂತೆ. ಗೃಹಪ್ರವೇಶದ ದಿನ ಅವರ ಬಾಯಿ ಮುಚ್ಚಿಸಲೇಬೇಕು ಅಂತ ಸಾಹೇಬರು ಆನ್‌ಲೈನಿನಲ್ಲಿ ಒಂದು ಉಲ್ಕೆ ತರಿಸಿ, ನನ್ನ ಅಂಗಡಿಗೆ ತಂದು ತೋರಿಸಿದರು. ಬಂಗಾರದ ಬಣ್ಣದ ಸೀಲು, ಕೆಂಪು ರಿಬ್ಬನ್ನು, ಮಿರಿಮಿರಿ ಸ್ಟಿಕ್ಕರು. ಮದುವೆ ಕಾರ್ಡಿನಂಥ ಸರ್ಟಿಫಿಕೇಟು.

"ಸಹಿ ಯಾರದು ಸಾರ್?"

"ಮಾರಿದವ್ರದ್ದೇ."

"ಗಂಡೇ ಕೂತ್ಕೊಂಡು ತನ್ನ ನಡತೆಗೆ ಸರ್ಟಿಫಿಕೇಟ್ ಬರ್ಕೊಂಡ್ರೆ ನೀವು ಹೆಣ್ಣು ಕೊಡ್ತೀರಾ?"

ಕಲ್ಲನ್ನು ಉಗುರಿನಿಂದ ಕೆರೆದೆ. ಕಪ್ಪು ಉಗುರಿಗೇ ಬಂತು. ಮೂಸಿದೆ. ಡಾಂಬರು.

"ಬಿದ್ದಿದ್ದಂತೂ ನಿಜ ಸಾರ್. ಆಕಾಶದಿಂದಲ್ಲ, ಟಿಪ್ಪರಿನಿಂದ."

೩. ಅಸಲಿ

ಅವರಿಗೆ ನಾನೇ ಒಂದು ಅಸಲಿ ತುಣುಕು ಕೊಟ್ಟೆ. ಜೊತೆಗೆ ಪರೀಕ್ಷೆ ಮಾಡಿದ ಪ್ರಯೋಗಾಲಯದ ಕಾಗದ. ಅದರಲ್ಲಿ ಕಲ್ಲಿನ ಫೋಟೊ, ತೂಕ, ನಂಬರು. ಅವರ ಕಣ್ಣೆದುರೇ ತಕ್ಕಡಿಗೆ ಹಾಕಿ ತೋರಿಸಿದೆ. "ಕಾಗದ ಕೊಟ್ಟೋರು ಯಾರು, ಕಾಗದದಲ್ಲಿರೋ ಕಲ್ಲು ಇದೇನಾ, ಇವೆರಡು ನೋಡ್ಕೊಂಡ್ರೆ ಸಾಕು ಸಾರ್. ಕಲ್ಲು ಕಾಗದ ಬೇರೆ ಬೇರೆ ಆದ್ರೆ ಕಲ್ಲಿಗೂ ಬೆಲೆ ಇಲ್ಲ, ಕಾಗದಕ್ಕೂ ಇಲ್ಲ."

ಸಾಹೇಬರು ಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು.

"ಎಲ್ಲಾ ಸರಿ ಭಾಯ್. ರೌಂಡ್ ಸೀಲೇ ಇಲ್ವಲ್ರೀ?"

ಕಾಗದಕ್ಕೆ ತೇಗದ ಫ್ರೇಮು ಹಾಕಿಸಿದರು. ಕಲ್ಲನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಹೋದರು.

೪. ಗೃಹಪ್ರವೇಶ

ಹಿಂದಿನ ದಿನ ಫೋನು ಬಂತು. ಸಾಹೇಬರದ್ದು.

"ಭಾಯ್, ಕಲ್ಲು ಹೋಯ್ತು. ಆಕಾಶದಿಂದ ಬಂದಿದ್ದು, ಒಳ್ಳೇದು ಅಂತ ನಮ್ಮನೆಯವ್ಳು ದೇವರ ಮನೆ ಹೊಸಿಲು ಕೂರಿಸುವಾಗ ನವರತ್ನದ ಪೊಟ್ಟಣದ ಜೊತೆ ಅದನ್ನೂ ಕೆಳಗಿಟ್ಟು ಸಿಮೆಂಟ್ ಹಾಕ್ಸಿದಾಳೆ!"

"ಒಡೆಸಿ ತೆಗೀರಿ ಸಾರ್."

"ಹೊಸಿಲಿಗಿಂತ ಮುಂಚೆ ನನ್ನ ತಲೆ ಒಡೀತಾಳೆ. ಸರ್ಟಿಫಿಕೇಟ್ ಕಳ್ಕೊಂಡ್ರೆ ಡೂಪ್ಲಿಕೇಟ್ ಕೊಡಲ್ವಾ? ಹಂಗೇ ಒಂದು ಡೂಪ್ಲಿಕೇಟ್ ಕಲ್ಲು ಕೊಟ್ಬಿಡಿ. ನಾಳೆ ಬೀಗರ ಮುಂದೆ ನನ್ನ ಮಾನ ಹೋಗತ್ತೆ!"

"ಒಂದು ಹುಡುಗಿ ಫೋಟೊ ತೋರಿಸಿ ಇನ್ನೊಂದು ಹುಡುಗಿಗೆ ತಾಳಿ ಕಟ್ಸೋ ವ್ಯಾಪಾರ ನಂದಲ್ಲ ಸಾರ್" ಅಂದೆ. ಊಟಕ್ಕೆ ಕರೆದಿದ್ದರು, ಆದ್ದರಿಂದ ಮಾರನೇ ದಿನ ಹೋಗದೆ ಬಿಡಲಿಲ್ಲ.

ಷೋಕೇಸಿನಲ್ಲಿ ವೆಲ್ವೆಟ್ ಬಟ್ಟೆ. ಅದರ ಮೇಲೆ, ದೀಪದ ಬೆಳಕಿನಲ್ಲಿ, ನಮ್ಮ ಟಿಪ್ಪರ್ ಕಲ್ಲು! ಅದರ ಹಿಂದೆಯೇ ಫ್ರೇಮಿನಲ್ಲಿ ಅಸಲಿ ಕಾಗದ. ಸಾಹೇಬರು ನನ್ನ ಕಡೆ ಕೈಮುಗಿದಂತೆ ನೋಡಿದರು. ನಾನು ಹೋಳಿಗೆಯ ಕಡೆ ನೋಡಿದೆ.

ಬೀಗರು ಬಂದರು. ದೇವರ ಮನೆಯ ಹೊಸಿಲಿಗೆ ಕೈಮುಗಿದು ದಾಟಿ, ತಿರುಗಿ ಬಂದು ಷೋಕೇಸಿನ ಮುಂದೆ ನಿಂತರು. ಕನ್ನಡಕ ಹಾಕಿಕೊಂಡರು. ಕಲ್ಲನ್ನು ಎರಡು ಬೆರಳಲ್ಲಿ ಎತ್ತಿದರು. ಸಾಹೇಬರ ಹಣೆಯಲ್ಲಿ ಬೆವರು. ಹಿಂದಿನ ಕಾಗದ ಓದಲು ಅಡ್ಡವಾಗಿತ್ತು ಅಂತ ಕಾಣುತ್ತೆ, ಬೀಗರು ಕಲ್ಲನ್ನು ತೆಗೆದು ಪಕ್ಕದ ಕಿಟಕಿ ಮೇಲಿಟ್ಟರು. ಆಮೇಲೆ ಫ್ರೇಮಿನಲ್ಲಿದ್ದುದನ್ನು ನಂಬರಿನಿಂದ ಸಹಿಯವರೆಗೆ ನಿಧಾನವಾಗಿ ಓದಿದರು.

"ಚಾಲಾ ಬಾಗುಂದಿ, ಬಹಳ ಚೆನ್ನಾಗಿದೆ ಬಾವಗಾರೂ! ಈ ಸಲ ಒರಿಜಿನಲ್ಲೇ ತಂದಿದೀರ."

ಸಾಹೇಬರಿಗೆ ಹೋದ ಉಸಿರು ಬಂತು. ಬೀಗರು ಹತ್ತಿರ ಬಂದು ಅವರ ಹೆಗಲ ಮೇಲೆ ಕೈಯಿಟ್ಟರು.

"ಇದರದ್ದೊಂದು ಕಲರ್ ಝೆರಾಕ್ಸ್ ಕೊಡಿಸ್ತೀರಾ? ಕಲ್ಲಿಗೇನು, ನಮ್ಮೂರಲ್ಲೂ ರಸ್ತೆ ಕೆಲಸ ನಡೀತಾ ಇದೆ."