ಸಪ್ನಾಳನ್ನು ಮೊಬೈಲಿನ ಮುಂದೆ ಕೂಡಿಸಿದ್ದು

ಮೊಮ್ಮಗಳು ಸಪ್ನಾಳನ್ನು ಮೊದಲು ಕಂಡ ದಿನ ಯಮನವ್ವ ಹೆರಿಗೆ ವಾರ್ಡಿನ ಬಾಗಿಲಲ್ಲೇ ಕಿವಿ ಮುಚ್ಚಿಕೊಂಡಿದ್ದಳು. ಕೂಸಿನ ಕಿರುಚಾಟ ಹಾಗಿತ್ತು. ಅದೇ ಗಂಟಲು ಈಗ ಮನೆಯಲ್ಲಿ ಪಿಸುಗುಡುತ್ತದೆ, ಶಾಲೆಯಲ್ಲಂತೂ ಹೊರಡುವುದೇ ಇಲ್ಲ. ಹೀಗೇ ಆದರೆ ಮುಂದಿನ ವರ್ಗಕ್ಕೆ ಹಾಕುವುದು ಕಷ್ಟ ಎಂದು ಶಾಲೆಯಲ್ಲಿ ಕಲಿಸುವ ಬಾಯಾರು ಹೇಳಿ ಕಳಿಸಿದ್ದರು. ಹಿಂಜವಾಡಿಯ ಹೊಸ ಫ್ಲ್ಯಾಟುಗಳಿಗೆ ಫರಸಿಕಲ್ಲು ಹಾಸುವ ಮಗ ಅಂಬಾದಾಸ ಈ ಮರಾಠಿ ಊರಲ್ಲಿ ಅಲ್ಲಿ ಇಲ್ಲಿ ವಿಚಾರಿಸಿ, ಮಕ್ಕಳ ಮನಸ್ಸು ನೋಡುವ ಕನ್ನಡದ ಡಾಕ್ಟರಮ್ಮನೊಬ್ಬಳನ್ನು ಗೊತ್ತು ಮಾಡಿದ್ದ. ಮೊಬೈಲಿನಲ್ಲೇ ನೋಡುತ್ತಾಳಂತೆ. ಇಂದು ಸಂಜೆ ಮೊದಲ ಭೇಟಿ.

ಹೆಣ್ಣು ನೋಡಲು ಬಂದವರ ಮುಂದೆ ತನ್ನ ಹೆಣ್ಣುಮಕ್ಕಳನ್ನು ಕೂಡಿಸಿ ರೂಢಿಯಿದ್ದ ಯಮನವ್ವ ಇದನ್ನೂ ಅದೇ ಕ್ರಮದಲ್ಲಿ ಹಿಡಿದಳು. ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಿ ಜಡೆ ಬಿಗಿಯಾಗಿ ಹೆಣೆದು ಮಲ್ಲಿಗೆ ಮುಡಿಸಿದಳು. ರೇಷ್ಮೆ ಪರಕರ ಉಡಿಸಿದಳು. ಮಣೆಯ ಮೇಲೆ ಪೂರ್ವಕ್ಕೆ ಕೂಡಿಸಿ ಗದ್ದ ಹಿಡಿದು ತಲೆ ತಗ್ಗಿಸಿದಳು.

— ತೆಲಿ ಯಾಕ ಬಗ್ಸೀರಿ, ಅತ್ತಿ? ಡಾಕ್ಟರಿಗೆ ಬೈತಲಿ ಅಷ್ಟೇ ಕಾಣ್ತದ, ಎಂದಳು ಸೊಸೆ ಇಂದೂ.

— ಕಾಣ್ಲಿ. ಬೈತಲಿ ನೆಟ್ಟಗದ.

— ವರನ ಕಡಿಯವ್ರು ಬರ್ಲಿಕತ್ತಾರೇನ್ರಿ?

— ಯಾರರೆ ಬರ್ಲಿ. ನಮ್ಮ ಮನಿ ಹುಡುಗಿ ಹಲ್ಲು ಕಿಸ್ಕೊಂಡು ಕೂಡಂಗಿಲ್ಲ.

ಅಂಬಾದಾಸ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಡಾಕ್ಟರ ಹತ್ತಿರ ಏನನ್ನೂ ಮುಚ್ಚಿಡಬಾರದು ಎಂದು ಬುದ್ಧಿ ಹೇಳಿದ. ಹೇಳಿ ಎದ್ದವನು ಮತ್ತೆ ಕೂತು, ತನ್ನ ಗುಟಖಾ ಸುದ್ದಿಯೊಂದು ಬೇಡ ಎಂದ. ತಾನು ಲಟ್ಟಣಿಗೆ ಎಸೆದ ಸುದ್ದಿಯೂ ಬೇಡ, ಅದು ಅಪ್ಪನಿಗೆ ತಾಗಲೇ ಇಲ್ಲವಲ್ಲ ಎಂದು ಇಂದೂ ಸೇರಿಸಿದಳು. ಮನೆಯ ಸುದ್ದಿಯೇ ಬೇಡ, ಅಡುಗೆ ಬರುತ್ತದೆ, ಕಸೂತಿ ಬರುತ್ತದೆ ಅಂದರೆ ಸಾಕು ಎಂದು ಯಮನವ್ವ ತೀರ್ಮಾನ ಕೊಟ್ಟಳು.

— ಅಕಿಗಿ ಕಸೂತಿ ಎಲ್ಲಿ ಬರ್ತದವ್ವ?

— ನಿನ್ನ ಹೇಣ್ತಿಗಿ ಬರ್ತಿತ್ತೇನು? ಬರ್ತದ ಅಂತ ಹೇಳೇ ಹೆಣ್ಣು ಕೊಟ್ರು.

ಇಂದೂ ಬಾಯಿ ತೆರೆಯುವಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಪರದೆಯ ಮೇಲೆ ಡಾಕ್ಟರಮ್ಮ ಮೂಡಿದಳು. ಬಂದವರಿಗೆ ಮೊದಲು ಬೆಲ್ಲ ನೀರು ಎಂದು ಯಮನವ್ವ ತಂಬಿಗೆಯನ್ನು ಮೊಬೈಲಿನ ಎದುರಿಗೇ ಇಟ್ಟಳು. ಸ್ವಲ್ಪ ಹೊತ್ತು ಡಾಕ್ಟರಮ್ಮನಿಗೆ ತಂಬಿಗೆಯ ಹೊರತು ಏನೂ ಕಾಣಿಸಲಿಲ್ಲ. ಅಂಬಾದಾಸ ಅದನ್ನು ಸರಿಸಿದ.

— ನಿನ್ನ ಹೆಸರೇನು ಪುಟ್ಟಿ?

— ಸಪ್ನಾ ಅಂತ್ರಿ, ಎಂದ ಅಂಬಾದಾಸ.

— ಎಷ್ಟನೇ ಕ್ಲಾಸು?

— ಎರಡ್ನೇತ್ತಾ ರಿ, ಎಂದಳು ಇಂದೂ.

— ಊಟಕ್ಕೆ ಏನಿಷ್ಟ ನಿಂಗೆ?

— ಬದ್ನಿಕಾಯಿ ಪಲ್ಯಾ ರಿ, ಎಂದಳು ಯಮನವ್ವ. ಸಪ್ನಾ ಬದನೆಕಾಯಿಯನ್ನು ಯಾವತ್ತೂ ತಟ್ಟೆಯ ಅಂಚಿಗೆ ತಳ್ಳುವವಳು.

ಡಾಕ್ಟರಮ್ಮ ಕೈಮುಗಿದು, ದೊಡ್ಡವರೆಲ್ಲ ಒಳಗೆ ಹೋಗಿ ಎಂದಳು. ಯಮನವ್ವ ಅಲುಗಲಿಲ್ಲ.

— ನೋಡ್ಲಿಕ್ಕ ಬಂದವ್ರ ಮುಂದ ಹುಡುಗೀನ ಒಬ್ಬಕಿನ್ನ ಹ್ಯಾಂಗ ಬಿಟ್ಟು ಹೋಗ್ಲಿ?

— ಅಜ್ಜಿ, ನಾನು ಶಿವಾಜಿನಗರದಲ್ಲಿದೀನಿ. ಎತ್ಕೊಂಡು ಹೋಗೋಕೆ ನನ್ನ ಕೈ ಅಷ್ಟುದ್ದ ಇಲ್ಲ.

ಮೂವರೂ ಅಡುಗೆಮನೆ ಸೇರಿ ಬಾಗಿಲಿಗೆ ಕಿವಿ ಹಚ್ಚಿದರು. ಆಚೆ ಸದ್ದಿಲ್ಲ. ಇಲ್ಲೂ ಬಾಯಿ ಬಿಡದಿದ್ದರೆ ಇನ್ನೆಲ್ಲಿ ಬಿಟ್ಟೀತು ಎಂದು ಯಮನವ್ವ ಕಿವಿಯನ್ನು ಇನ್ನಷ್ಟು ಒತ್ತಿದಳು. ಹುಡುಗಿಗೆ ಈ ಮೂಕತನ ಯಾರ ಕಡೆಯಿಂದ ಬಂತು ಎಂದು ಗಂಡ ಹೆಂಡತಿ ಪಿಸುದನಿಯಲ್ಲಿ ಜಗಳ ಶುರುಮಾಡಿದರು. ತನ್ನ ವಂಶದಲ್ಲಿ ಮೂಕರಿಲ್ಲ ಎಂದು ಯಮನವ್ವನೂ ಅದಕ್ಕಿಳಿದಳು. ಪಿಸುದನಿ ಏರಿತು, ಪಾತ್ರೆಯೊಂದು ಉರುಳಿತು. ಆಗ ಹೊರಗೆ ಯಾರೋ ಕಿಲಕಿಲ ನಕ್ಕರು. ಡಾಕ್ಟರಮ್ಮನದಲ್ಲ, ಸಣ್ಣ ದನಿ.

ಮೂವರೂ ಜಗಳ ಬಿಟ್ಟು ಬಾಗಿಲ ಕಡೆ ತಿರುಗಿದರು. ಬಾಗಿಲು ಗೇಣಷ್ಟು ಸರಿಯಿತು. ಸಪ್ನಾ ತಲೆಯೆತ್ತಿ ಅಜ್ಜಿಯ ಮುಖವನ್ನೇ ನೋಡಿದಳು.

— ಆಯಿ, ನಮ್ಮ ಮನ್ಯಾಗ ಭಾಳ ಮಾತಾಡೋರು ಯಾರು ಅಂತ ಕೇಳ್ಲಿಕತ್ತಾರ. ಒಬ್ರ ಹೆಸರೇ ಹೇಳ್ಬೇಕೊ, ಮೂರೂ ಮಂದೀದು ಹೇಳ್ಲೊ?