ಅಕ್ಕನ ದನಿಗೆ ಒಂದು ಗಟ್ಟಿ ಸಿಡಿ

ಬರ್ರಿ, ಕಟ್ಟೆ ಮೇಲೆ ಕುಂದರ್ರಿ, ಎಲೆ ಅಡಿಕೆ ಹಾಕ್ಕೊಳ್ರಿ. ನಾನು ಏನು ಕೊಳ್ಳಲು ಹೋದರೂ ನಗುವವರು ಇದ್ದೇ ಇರುತ್ತಾರೆ. ಸಿಡಿ ಕೊಳ್ಳಲು ಹೊರಟಾಗಂತೂ ಹೆಜ್ಜೆಗೊಬ್ಬರು ನಕ್ಕರು. ನಗಲಿ! ತೀರಿಹೋದ ನಮ್ಮಕ್ಕ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಬೀಸೋಪದ ಉಳಿದದ್ದು ಒಂದೇ ಹಳೇ ಕ್ಯಾಸೆಟ್ಟಿನಲ್ಲಿ. ಅದರ ರೀಲು ಹಚ್ಚಿದಾಗಲೆಲ್ಲ ಸಿಕ್ಕಿಕೊಳ್ಳುತ್ತಿತ್ತು. ಹರಿದರೆ ಅಕ್ಕ ಎರಡನೇ ಸಲ ಸತ್ತಂತೆ.

೧. ಬೆರಳು ಬಾರಿಸಿದ್ದು

ಕೂಡ್ಲಿಗಿ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವನಿಗೆ, "ತಮ್ಮಾ, ಗಟ್ಟಿ ಸಿಡಿ ಕೊಡಪ್ಪ" ಎಂದೆ.

"ಗಟ್ಟಿ, ಮೆಲ್ಲಕ ಸಿಡ್ಯಾಗ ಇರಂಗಿಲ್ರಿ ಯಮ್ಮಾ. ಬಟನ್ ತಿರುವಿದ್ರ ಆತು."

"ನನ್ನ ಕಿವಿ ನೆಟ್ಟಗೈತಿ. ಬಾಳಿಕಿ ಬರೋ ಗಟ್ಟಿ ಕೇಳಾಕತ್ತೀನಿ."

"ಎಲ್ಲಾ ನೂರು ವರ್ಷ ಬರ್ತಾವ್ರಿ."

ಗಡಿಗೆ ನೋಡುವ ಹಾಗೆ ಒಂದೊಂದಕ್ಕೂ ಬೆರಳು ಬಾರಿಸಿ ಕಿವಿಗೆ ಹಿಡಿದೆ.

"ಏನಂತೈತ್ರಿ?"

"ನೀನು ಸುಳ್ಳ ಅಂತೈತಿ!"

೨. ಸಂಡಿಗೆಯ ಪಕ್ಕ

ಬಿಡಲಿಲ್ಲ. ಮೂರು ನಮೂನೆ ಸಿಡಿಗೆ ಒಂದೊಂದು ಭಜನೆ ಹಾಕಿಸಿ ತಂದು, ಮಾಳಿಗೆ ಮೇಲೆ ಸಂಡಿಗೆಯ ಪಕ್ಕ ಹರವಿದೆ. ಬೇಸಿಗೆ ಮುಗಿಯುವ ತನಕ ತೆಗೆಯಲಿಲ್ಲ.

ಮಗ ಬಂದು, "ಅವ್ವಾ, ಇವನ್ನೂ ಕರೀತೀಯೇನು? ದೊಡ್ಡವ್ವನ ಪದ ನನ್ನ ಫೋನಿಗೆ ಹಾಕ್ತೀನಿ ಬಿಡು" ಎಂದ.

"ನಮ್ಮೂರ ಬಿಸಿಲು ತಡೀಲಾರದ್ದು ಅಕ್ಕನ್ನ ಹೆಂಗ ಕಾಯ್ತೈತಿ? ನಡಿಯಲೇ!"

ಮಳೆಗಾಲಕ್ಕೆ ಕೆಳಗಿಳಿಸಿ ಹಚ್ಚಿದರೆ ಎರಡು ಮೌನ ಹಿಡಿದವು. ಒಂದು ಮಾತ್ರ ಭಜನೆ ಹಾಡಿತು. ಆ ವರ್ಷ ಮಗ ಸಂಡಿಗೆಯನ್ನೂ ಬೆರಳು ಬಾರಿಸಿ ನೋಡಿಯೇ ತಿಂದ.

೩. ಸುಡಬಾರದ್ದು

ಗೆದ್ದ ನಮೂನೆಯದೇ ಹೊಸದೊಂದು ಆರಿಸಿ ಕ್ಯಾಸೆಟ್ಟು ಕೊಟ್ಟೆ. ಅಂಗಡಿಯವನು, "ಕುಂದರ್ರಿ, ಬರ್ನ್ ಮಾಡಿಕೊಡ್ತೀನಿ" ಎಂದ.

"ಹಂಗಂದ್ರ?"

"ಸುಡೋದ್ರಿ."

ಕ್ಯಾಸೆಟ್ಟು ಕಸಿದುಕೊಂಡೆ. "ನಮ್ಮ ಮಂದ್ಯಾಗ ಸತ್ತೋರನ್ನೂ ಸುಡಂಗಿಲ್ಲ, ಕುಂದರಿಸಿ ಹುಗಿತೀವಿ. ಅಕ್ಕನ ದನಿ ಸುಡ್ತೀಯೇನಲೇ?"

ಅವನು ಕೈಮುಗಿದ. "ಆತ್ರಿ ಯಮ್ಮಾ, ಹುಗಿತೀನಿ!" ಎಂದು ಕ್ಯಾಸೆಟ್ಟು ಇಸಕೊಂಡು ಹಚ್ಚಿ, ಸಿಡಿಯನ್ನು ಕಂಪ್ಯೂಟರಿನ ಹೊಟ್ಟೆಯೊಳಗೆ ನೂಕಿ ಬಾಗಿಲು ಹಾಕಿದ. ಪದ ಪೂರ್ತಿ ಒಳಗೆ ಇಳಿದು ಮುಗಿಯಿತು, ಆಗಲೇ ರೀಲು ಪಟ್ಟನೆ ಹರಿಯಿತು. ಇಬ್ಬರೂ ಉಸಿರು ಬಿಟ್ಟೆವು.

೪. ಹಾಲು

ಮನೆಯಲ್ಲಿ ಹಚ್ಚಿದೆವು. ಅಕ್ಕ ಹಾಡುತ್ತಾ ಹಾಡುತ್ತಾ ನಡುವೆ ಗದರಿದಳು: "ಲೇ, ಹಾಲು ಉಕ್ಕತೈತಿ ನೋಡಲೇ!" ಅಂದು ಬೈಸಿಕೊಂಡವಳು ನಾನು. ಇಂದು ಅಡುಗೆಮನೆಗೆ ಓಡಿದವಳು ಸೊಸೆ. ಒಲೆ ಮೇಲೆ ಹಾಲೇ ಇರಲಿಲ್ಲ!

ಆಮೇಲೆ ಯಾರು ಏನಾದರು ಅಂತೀರಾ? ಅಂಗಡಿಯವನು ಈಗ ಗಿರಾಕಿಗಳಿಗೆಲ್ಲ "ಹುಗಿದು ಕೊಡ್ತೀನ್ರಿ" ಅನ್ನುತ್ತಾನೆ. ಮೂಕಾದ ಎರಡು ಸಿಡಿ ಜೋಳದ ಹೊಲದಲ್ಲಿ ಜೋತುಬಿದ್ದು ಗಿಣಿ ಓಡಿಸುತ್ತಿವೆ. ಮಗನ ಫೋನು ಹಲವಾಗಲಿನ ಹೊಳೆ ಪಾಲಾಯಿತು. ಈಗ ಅವನೂ ದೊಡ್ಡವ್ವನ ಪದ ಕೇಳಲು, ಸಿಡಿ ಇಟ್ಟ ನನ್ನ ಟ್ರಂಕಿನ ಮುಂದೆಯೇ ಬಂದು ಕೂರುತ್ತಾನೆ. ಸೊಸೆ ಅಕ್ಕ ಗದರಿದಾಗಲೆಲ್ಲ ಈಗಲೂ ಎದ್ದು ಓಡುತ್ತಾಳೆ.

ಅಕ್ಕನಾ? ಮೊನ್ನೆ ಅವಳು ಗದರಿದ ಹೊತ್ತಿಗೆ ಹಾಲು ಖರೇನೇ ಉಕ್ಕುತ್ತಿತ್ತು.