ಬಾಣಂತಿ ಆರ್ವಿಡ್

"ಬಂದ ನೋಡ್ರಪ್ಪಾ ಬಾಣಂತಿ! ಜರುಗ್ರೋ, ಕುರ್ಚಿ ಬಿಡ್ರೋ!"

ಮರ್ಲ್ ಹಾಗೆ ಕೂಗಿದ್ದು ಮೇವಿನಂಗಡಿಯಲ್ಲಿ, ಕಾಫಿ ಹೀರುತ್ತ ನಿಂತ ಏಳು ಜನರೆದುರು. ಅವನು ಪಿಸುಗುಟ್ಟಿದರೂ ಪಕ್ಕದೂರಿಗೆ ಕೇಳುತ್ತದೆ. ದಿನಾ ಬೆಳಗ್ಗೆ ಊರ ರೇಡಿಯೋದಲ್ಲಿ ಹಂದಿ, ಸೋಯಾ, ಜೋಳದ ಧಾರಣೆ ಓದುವ ಗಂಟಲು ಅದು.

"ಹೆಂಡ್ತಿ ಬಿಟ್ಟೋದ್ಲು. ನಾಯಿ ಪೋಸ್ಟ್‌ಮ್ಯಾನ್ ಹಿಂದೆ ಹೋಯ್ತು. ಈಗ ಮೊಟ್ಟೆಗೆ ಕಾವು ಕೂತವ್ನೆ! ಅಲ್ಲಯ್ಯಾ ಆರ್ವಿಡ್, ನಿನ್ ಹಿಂದೆ ಬರೋ ಜೀವ ಒಂದಾದ್ರೂ ಐತಾ ಈ ಮಿನೆಸೋಟದಲ್ಲಿ?"

ಇತ್ತು. ಆರ್ವಿಡ್ ರಸ್ತೆಯ ಹಿಮ ತಳ್ಳುವ ಲಾರಿಯ ಚಾಲಕ. ಚಳಿಗಾಲ ಪೂರ್ತಿ ಊರಿನ ಕಾರುಗಳೆಲ್ಲ ಅವನ ಹಿಂದೆಯೇ ಬರುತ್ತವೆ, ಹಾರ್ನ್ ಹೊಡೆದು ಬೈಯುವುದಕ್ಕೆ. ಇದನ್ನು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಏಳೂ ಜನ ನಕ್ಕು ಮುಗಿಸಿದ್ದರು.

"ಒಂದು ಬಲ್ಬು. ಹಳೇ ಥರದ್ದು. ಬಿಸಿಯಾಗೋದು," ಎಂದ. ಒಂದು ವಾರದ ಮಾತು ಅಲ್ಲಿಗೆ ಖರ್ಚಾಯಿತು.

ಬಲ್ಬಿನ ಈ ಗ್ರಹಚಾರ ತಂದಿಟ್ಟವಳು ಪಕ್ಕದ ಮನೆಯ ಲವಾನ್. ಆ ಊರಲ್ಲಿ ಬಾಗಿಲಿಗೆ ಬೀಗ ಹಾಕಿದವನನ್ನೇ ಕಳ್ಳ ಅನ್ನುತ್ತಾರೆ. ಬೆಳಗ್ಗೆ ಆರ್ವಿಡ್ ಸ್ನಾನಕ್ಕೆ ಇಳಿದಾಗ ಆಕೆ ಆಲೂಗಡ್ಡೆ ಬೇಯಿಸಿದ ಪಾತ್ರೆ ಹಿಡಿದು ಒಳಬಂದಳು. ಹಗಲಲ್ಲೂ ಮೊಟ್ಟೆಯ ಪೆಟ್ಟಿಗೆಯೊಳಗೆ ದೀಪ ಉರಿಯುವುದು ಕಂಡು ಕರುಳು ಚುರುಕ್ಕೆಂದು, ಹಳೆಯದನ್ನು ಕಿತ್ತೆಸೆದು, ಕರೆಂಟು ಉಳಿಸುವ ತಣ್ಣನೆಯ ಬಲ್ಬು ಸಿಕ್ಕಿಸಿ ಹೋದಳು. ಅದೂ ಮೂವತ್ತನೆಯ ದಿನ, ಮೊಟ್ಟೆ ಬಿರುಕು ಬಿಟ್ಟ ಮೇಲೆ!

ಬಿಯರ್ ತಂಪಾಗಿಡುವ ಥರ್ಮಕೋಲ್ ಪೆಟ್ಟಿಗೆ ಅದು. ಒದ್ದೆ ಸ್ಪಂಜು, ಜ್ವರ ನೋಡುವ ಥರ್ಮಾಮೀಟರು, ಮುಚ್ಚಳದ ಕಿಂಡಿಗೆ ಮದುವೆ ಫೋಟೋದಿಂದ ಬಿಚ್ಚಿದ ಗಾಜು. ಒಳಗೆ ಹೆಬ್ಬಾತಿನ ನಾಲ್ಕು ಮೊಟ್ಟೆ. ಹೆಬ್ಬಾತಿನ ಮರಿ ಒಮ್ಮೆ ತಾಯಿ ಎಂದುಕೊಂಡವರ ಬೆನ್ನು ಬಿಡುವುದಿಲ್ಲವಂತೆ. ಮೊಟ್ಟೆಯೊಳಗಿದ್ದೇ ದನಿಯ ಗುರುತು ಹಿಡಿಯುತ್ತದಂತೆ; ದಿನಾ ಮಾತಾಡಿಸಬೇಕಂತೆ. ಆರ್ವಿಡ್ ಮೊದಲ ದಿನ "ಚಳಿ" ಅಂದ. ಎರಡನೆಯ ದಿನ "ಇವತ್ತೂ ಚಳಿ" ಅಂದ. ಮೂರನೆಯ ದಿನ ಹೇಳಲು ಏನೂ ಉಳಿಯದೆ ಪೆಟ್ಟಿಗೆಯ ಪಕ್ಕ ರೇಡಿಯೋ ಹಚ್ಚಿಟ್ಟ. ಮನುಷ್ಯರ ದನಿ ತಾನೇ.

ಬಲ್ಬು ಹಿಡಿದು ಓಡಿಬಂದರೆ ಪೆಟ್ಟಿಗೆ ಖಾಲಿ!

"ತಣ್ಣಗಾಗಿದ್ವು ಕಣಪ್ಪಾ," ಎಂದಳು ಮತ್ತೆ ಒಳಬಂದು ನಿಂತಿದ್ದ ಲವಾನ್, "ಬೆಚ್ಚಗಿರ್ಲಿ ಅಂತ ಓವನ್ನಲ್ಲಿಟ್ಟೆ."

ಆರ್ವಿಡ್ ಓವನ್ನಿನ ಬಾಗಿಲು ಎಳೆದ. ಪುಣ್ಯಕ್ಕೆ ಆಕೆ ಓವನ್ ಹಚ್ಚುವುದನ್ನು ಮರೆತಿದ್ದಳು.

ಮಧ್ಯಾಹ್ನ ಮೊಟ್ಟೆ ಒಡೆದವು. ಸಂಜೆಗೆ ಮರಿಗಳು ಒಣಗಿ ಹಳದಿ ಉಣ್ಣೆಯುಂಡೆಗಳಂತೆ ನೆಟ್ಟಗೆ ನಿಂತವು. ಅಷ್ಟರಲ್ಲಿ ಲವಾನ್ ಫೋನು ತಿರುವಿ ತಿರುವಿ ಅಂಗಡಿಯ ಏಳೂ ಜನರನ್ನು ಅಡಿಗೆಮನೆಗೆ ತಂದು ತುಂಬಿದ್ದಳು.

ಆರ್ವಿಡ್ ನೆಲದಲ್ಲಿ ಕೂತು ಕೈಚಾಚಿದ. "ಬನ್ನಿ," ಎಂದ.

ಮೀಟರು ಓದಲು ಬಂದವನನ್ನು ನೋಡುವಂತೆ ನಾಲ್ಕೂ ಅವನನ್ನು ನೋಡಿದವು.

ಬಾಗಿಲು ದಡಾರೆಂದು ತೆರೆಯಿತು. "ಏನಮ್ಮಾ ಬಾಣಂತಿ, ಹೆರಿಗೆ ಸುಸೂತ್ರಾನಾ?" ಎಂದ ಮರ್ಲ್.

ನಾಲ್ಕು ಕತ್ತು ಒಟ್ಟಿಗೆ ತಿರುಗಿದವು. ಮರಿಗಳು ಆರ್ವಿಡ್‌ನ ಅಂಗೈ ತುಳಿದು, ಎಡವುತ್ತ ಬೀಳುತ್ತ ಓಡಿ, ಮರ್ಲ್‌ನ ಬೂಟಿಗೆ ಆತುಕೊಂಡವು.

"ಏಯ್! ಹೋಗ್ರೋ! ಏನ್ರೋ ಇದು?"

ಅವನು ಕೂಗಿದಷ್ಟೂ ಅವು ಒತ್ತಿಕೊಂಡವು.

"ಅಯ್ಯೋ, ರೇಡಿಯೋ!" ಲವಾನ್ ಹಣೆ ಚಚ್ಚಿಕೊಂಡಳು. "ತಿಂಗಳಿಡೀ ನಿನ್ ಹಂದಿ ಧಾರಣೆನೇ ಕೇಳವೆ ಅವು!"

ಏಳು ಜನ ನಕ್ಕರು. ಮರ್ಲ್ ಒಂದು ಹೆಜ್ಜೆ ಹಿಂದಿಟ್ಟ, ಮರಿಗಳೂ ಇಟ್ಟವು. "ಆರ್ವಿಡ್, ನಿನ್ ಮಕ್ಳು ಮಾರಾಯ, ಕರಕೋ! ಏನಾದ್ರೂ ಹೇಳು ಅವಕ್ಕೆ!"

ಆರ್ವಿಡ್‌ಗೆ ಹೇಳಲು ಏನಾದರೂ ಇದ್ದಿದ್ದರೆ ಮೂರನೆಯ ದಿನವೇ ಹೇಳಿರುತ್ತಿದ್ದ. ಮೊಳೆಯ ಮೇಲಿನ ಕೋಟು ತೆಗೆದುಕೊಂಡು ಏಪ್ರಿಲ್ಲಿನ ಹಿಮಕ್ಕೆ ಇಳಿದು ನಡೆದ. ಬೆನ್ನ ಹಿಂದೆ ಮರ್ಲ್ ಕೂಗುತ್ತಲೇ ಇದ್ದ, "ಆರ್ವಿಡ್! ಏ ಆರ್ವಿಡ್!" ಎಂದು. ಪ್ರತಿ ಕೂಗಿಗೂ ನಾಲ್ಕು ಸಣ್ಣ ದನಿಗಳು ಓಗೊಡುತ್ತಿದ್ದವು.